ಕಡ್ಡಿ ಇಟ್ಟ ಪುಟ

ಓದುಗರ ಕೂಟದ ಹತ್ತಿರ ಆ ಐತಿಹಾಸಿಕ ಕಾದಂಬರಿಯ ಒಂದೇ ಪ್ರತಿ ಇತ್ತು. ಬೆನ್ನು ಮುರಿದಿದೆ ಎಂದು ಗ್ರಂಥಾಲಯದವರು ಹೊರಗೆ ಹಾಕಿದ್ದು, ದಿಂಬಿನಷ್ಟು ದಪ್ಪ. ಒಬ್ಬರಾದ ಮೇಲೆ ಒಬ್ಬರು ಓದುತ್ತ ಹೋದರೆ ಕೊನೆಯವರು ಮುಗಿಸುವಷ್ಟರಲ್ಲಿ ಮೊದಲಿನವರು ಮರೆತಿರುತ್ತಾರೆ. ಹಾಗಾಗಿ ಕೂಟದಲ್ಲೇ ಇದ್ದ ಬೈಂಡರಣ್ಣ ಅದನ್ನು ಐದು ಭಾಗವಾಗಿ ಕತ್ತರಿಸಿದರು. ತಲೆಗೊಂದು ಭಾಗ. ಸೇರಿದ ದಿನ ಅವರವರ ಭಾಗದ ಕಥೆ ಅವರವರು ಹೇಳುವುದು, ಆಮೇಲೆ ಚರ್ಚೆ, ಆಮೇಲೆ ಬೈಂಡರಣ್ಣ ಎಲ್ಲವನ್ನೂ ಮತ್ತೆ ಸೇರಿಸಿ ಹೊಲಿಯುವುದು.

ಐದನೆಯ ಭಾಗ ನನ್ನ ಗಂಡನ ಪಾಲಿಗೆ ಬಂದಿತ್ತು. ಆಸ್ಪತ್ರೆಗೂ ತೆಗೆದುಕೊಂಡು ಹೋಗಿದ್ದ. ಪುಸ್ತಕ ಮಾತ್ರ ವಾಪಸು ಬಂತು.

ನಾನು ಕೂಟದವಳಲ್ಲ. ಅತ್ತೆ ಕೂಟದವರು, ನಾಲ್ಕನೆಯ ಭಾಗ ಅವರದು. "ಅವನ ಭಾಗ ನೀನೇ ಹೇಳ್ಬೇಕಾಗುತ್ತೆ. ಇನ್ಯಾರಿದಾರೆ?" ಎಂದರು. ಬಸ್ಸಿನಲ್ಲಿ ಹೋದೆವು.

ಕೂಟ ಸೇರುವುದು ಕನ್ನಡಕದ ಅಂಗಡಿಯಲ್ಲಿ, ಭಾನುವಾರ ಮಧ್ಯಾಹ್ನ, ಷಟರ್ ಅರ್ಧ ಎಳೆದು. ಗೋಡೆಯ ತುಂಬ ಕನ್ನಡಿ. ಐದು ಜನ ಕೂತರೂ ಸಭೆ ತುಂಬಿದ ಹಾಗೆ ಕಾಣುತ್ತದೆ. ಅಂಗಡಿಯವರು ಬಂದವರ ಕನ್ನಡಕ ಇಸಿದುಕೊಂಡು ಒರೆಸಿ ಕೊಡುತ್ತಾರೆ. ಅದು ಅವರ ಉಪಚಾರ. ನನಗೆ ಕನ್ನಡಕವಿಲ್ಲ. ಸ್ವಲ್ಪ ಯೋಚಿಸಿ ಒರೆಸುವ ಬಟ್ಟೆಯನ್ನೇ ಕೊಟ್ಟರು. "ಇಟ್ಕೊಳಮ್ಮ," ಎಂದರು. ಇಟ್ಟುಕೊಂಡೆ.

ಐದನೆಯ ಭಾಗವನ್ನು ನಾನು ಓದಿದ್ದೆ, ಅವನು ಓದಿದಷ್ಟು. ಒಂದು ಅಧ್ಯಾಯವೂ ಮುಗಿದಿರಲಿಲ್ಲ. ಗಂಟಲು ನೋಡುವ ಚಪ್ಪಟೆ ಮರದ ಕಡ್ಡಿಯೊಂದನ್ನು ನರ್ಸಿನ ಹತ್ತಿರ ಕೇಳಿ ತೆಗೆದುಕೊಂಡು ಅಲ್ಲಿ ಗುರುತಿಗೆ ಇಟ್ಟಿದ್ದ. ಆ ಕಡ್ಡಿ ದಾಟಲು ನನಗೆ ಮನಸ್ಸಿರಲಿಲ್ಲ. ಬೇರೆ ಯಾರಾದರೂ ದಾಟುವುದೂ ಬೇಡವಾಗಿತ್ತು. ಇದನ್ನು ಸಭೆಯಲ್ಲಿ ಹೇಗೆ ಹೇಳುವುದೆಂದು ತಿಳಿಯದೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ.

ಬೈಂಡರಣ್ಣ ಮೊದಲನೆಯ ಭಾಗ ಹೇಳಿದರು. ಅದರಲ್ಲಿ ರಾಜ ಇನ್ನೂ ಹುಡುಗ, ಕುದುರೆ ಕಂಡರೆ ಹೆದರುತ್ತಾನೆ. ಅಂಗಡಿಯವರ ಎರಡನೆಯ ಭಾಗದಲ್ಲಿ ಅವನನ್ನು ಹಿಡಿಯುವವರಿಲ್ಲ. ಮೂರನೆಯ ಭಾಗ ಓದಿದ ನಿವೃತ್ತ ಮೇಷ್ಟ್ರು, "ಶುದ್ಧ ಸೋಮಾರಿ. ಎರಡು ಕೋಟೆ ಕಳ್ಕೊಂಡ, ಮಧ್ಯಾಹ್ನ ಮಲಗೋದು ಬಿಡಲಿಲ್ಲ," ಎಂದರು.

"ನೀವು ಬೇರೆ ಯಾರದೋ ವಿಷಯ ಹೇಳ್ತಿದೀರಿ," ಎಂದರು ಅಂಗಡಿಯವರು.

"ಹೆಸರು ಅದೇ ಇದೆ ಸ್ವಾಮಿ."

ಅತ್ತೆಯ ಸರದಿ ಬಂತು. "ನನ್ನ ಭಾಗದಲ್ಲಿ ರಾಜ ಸಾಯ್ತಾನೆ."

ಅಂಗಡಿಯವರು ಒರೆಸುತ್ತಿದ್ದ ಕನ್ನಡಕ ಕೆಳಗಿಟ್ಟರು. "ಯಾವ ಯುದ್ಧದಲ್ಲಿ?"

"ಯುದ್ಧ ಇಲ್ಲ. ಜ್ವರ."

"ಅಕ್ಕಾ, ನನ್ನ ಭಾಗದಲ್ಲಿ ಒಬ್ಬನೇ ಕೋಟೆ ಬಾಗಿಲು ಒಡೀತಾನೆ. ಅಂಥವನಿಗೆ ಜ್ವರ ಅಂದ್ರೆ ನಂಬೋದು ಹೇಗೆ?"

"ಬಾಗಿಲು ಒಡೆದೋರಿಗೂ ಬರುತ್ತೆ."

"ಎಷ್ಟು ಪುಟ ಮಲಗಿರ್ತಾನೆ?" ಮೇಷ್ಟ್ರು ಕೇಳಿದರು.

"ಒಂದೂವರೆ."

"ಬರೆದೋರಿಗೆ ಅವಸರ ಇತ್ತು ಅನ್ಸುತ್ತೆ."

"ಇಲ್ಲ," ಎಂದರು ಅತ್ತೆ. "ಅಷ್ಟೇ ಹೊತ್ತು ಹಿಡಿಯೋದು."

ಅಂಗಡಿಯವರು ಕನ್ನಡಕ ಮತ್ತೆ ಕೈಗೆತ್ತಿಕೊಂಡು, ಯಾರಿಗೂ ಅಲ್ಲ ಎನ್ನುವ ಹಾಗೆ, "ನನ್ನ ಭಾಗದಲ್ಲಂತೂ ಇದಾನೆ," ಎಂದರು.

ಅತ್ತೆ ನನ್ನ ಕಡೆ ತಿರುಗಿದರು. ನಾನು ಹೇಳಿದೆ: ಈಗ ರಾಣಿಯೇ ಆಡಳಿತ ನಡೆಸುತ್ತಾಳೆ. ಕಣಜ ತುಂಬಿದೆ ಎನ್ನುತ್ತಾನೆ ಕಣಜದ ಅಧಿಕಾರಿ. ರಾಣಿಗೆ ನಂಬಿಕೆಯಿಲ್ಲ. ಬೀಗ ತೆಗೆ ಎನ್ನುತ್ತಾಳೆ.

"ಒಳಗೆ ಏನಿತ್ತು?" ಮೇಷ್ಟ್ರು ಕೇಳಿದರು.

"ಗೊತ್ತಿಲ್ಲ. ಅವರು ಅಲ್ಲೀವರೆಗೆ ಓದಿದ್ರು. ನಾನೂ ಅಷ್ಟೇ ಓದಿದೀನಿ."

"ಹಾಗಾದ್ರೆ ಇತ್ಲಾಗೆ ಕೊಡಮ್ಮ. ಮಿಕ್ಕಿದ್ದು ನಾನು ಓದಿ ಮುಂದಿನ ಸಲ ಹೇಳ್ತೀನಿ."

"ಬೇಡ."

"ಬೇಡ ಅಂದ್ರೆ? ಊಟಕ್ಕೆ ಕೂರಿಸಿ ಬಡಿಸದೆ ಹೋದ ಹಾಗಾಯ್ತು."

ನಾನು ಚೀಲ ಹಿಡಿದುಕೊಂಡೆ. ಮೇಷ್ಟ್ರು ಅತ್ತೆಯನ್ನು ನೋಡಿದರು. ಅತ್ತೆ ಗೋಡೆಯ ಮೇಲಿನ ಕಣ್ಣು ಪರೀಕ್ಷೆಯ ಪಟವನ್ನು ನೋಡುತ್ತಿದ್ದರು.

ಬೈಂಡರಣ್ಣ ಕೈ ಚಾಚಿದರು. "ನೋಡಿ ಕೊಡ್ತೀನಿ ತಾಯಿ." ಕೊಟ್ಟೆ. ಅವರು ಕಡ್ಡಿ ಇದ್ದ ಕಡೆ ತೆರೆದರು, ಓದಲಿಲ್ಲ, ಹೊಲಿಗೆಯನ್ನು ಮಾತ್ರ ಬೆರಳಿನಿಂದ ಸವರಿದರು. ಜೇಬಿನಿಂದ ಚಾಕು ತೆಗೆದರು. "ಐದು ಮಾಡಿದವನಿಗೆ ಆರು ಮಾಡೋದೇನು ಕಷ್ಟ?" ಎಂದು ಕಡ್ಡಿಯ ಅಂಚಿಗೆ ಚಾಕು ಹಿಡಿದು ಎಳೆದರು. ತೆಳ್ಳಗಿನದು ಒಂದು ಕೈಯಲ್ಲಿ, ದಪ್ಪನೆಯದು ಇನ್ನೊಂದು ಕೈಯಲ್ಲಿ.

"ಯಾವುದು ಬೇಕು? ಅವರು ಓದಿದ್ದಾ, ಓದದೆ ಬಿಟ್ಟಿದ್ದಾ?"

ಹೀಗೆ ಕೇಳಬಹುದು ಎಂದು ನನಗೆ ಹೊಳೆದೇ ಇರಲಿಲ್ಲ.

"ಬಿಟ್ಟಿದ್ದು," ಎಂದೆ.

"ಓದಿದ್ದು ನನಗಿರಲಿ," ಎಂದರು ಅತ್ತೆ.

"ಕೂಟಕ್ಕೇನು?" ಎಂದರು ಮೇಷ್ಟ್ರು.

"ನಾಲ್ಕು ಭಾಗ ಹೊಲೀತೀನಿ. ಬೆನ್ನು ಮಾತ್ರ ಐದಕ್ಕೆ ಆಗೋಷ್ಟು ಅಗಲ ಬಿಟ್ಟಿರ್ತೀನಿ."

ಕೊನೆಯಿಲ್ಲದ ಪುಸ್ತಕದ ಚರ್ಚೆ ಬೇಗ ಮುಗಿಯಿತು. ಕಡ್ಡಿಯನ್ನು ಕನ್ನಡಕದ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

ಬಸ್ಸಿನಲ್ಲಿ ಸೀಟು ಸಿಕ್ಕಿತು. ನಮ್ಮದು ಕೊನೆಯ ಸ್ಟಾಪು. ಅತ್ತೆ ಮಗ ಓದಿದ ಪುಟಗಳನ್ನು ಓದತೊಡಗಿದರು. ನಡುವೆ ಒಮ್ಮೆ, "ಈ ಕಣಜದವನು ಕಳ್ಳ," ಎಂದರು.

"ಅವರೂ ಹಾಗೇ ಅಂದಿದ್ರು."

ಅತ್ತೆ ತಲೆಯಾಡಿಸಿ ಮುಂದೆ ಓದಿದರು. ಕೊನೆಯ ಪುಟವನ್ನು ತಿರುಗಿಸಿ ನೋಡಿದರು, ಮತ್ತೆ ತಿರುಗಿಸಿದರು.

"ವಾಕ್ಯ ಅರ್ಧಕ್ಕೆ ನಿಂತಿದೆ ಕಣೇ. 'ಬೀಗ ತೆಗೆಸಿ ದೀಪ ಹಿಡಿದು ನೋಡಿದರೆ ಒಳಗೆ' ಅಂತಿದೆ. ಒಳಗೆ ಏನು?"

"ಗೊತ್ತಿಲ್ಲ ಅತ್ತೆ."

"ಗೊತ್ತಿಲ್ಲ ಅಂದ್ರೆ? ನಿನ್ನ ಚೀಲದಲ್ಲೇ ಇದೆ."

ನಾನು ಕಿಟಕಿಯ ಕಡೆ ನೋಡಿದೆ.

"ಹಾಲಿನ ಲೋಟಾನೂ ಹೀಗೇ ಅರ್ಧಕ್ಕೆ ಬಿಟ್ಟು ಹೋಗ್ತಿದ್ದ," ಎಂದರು. "ಉಳಿದಿದ್ದು ನಾನೇ ಕುಡೀತಿದ್ದೆ. ಚೆಲ್ಲೋಕಾಗುತ್ತಾ?"

ಅವರು ಪುಟದ ಮೇಲೆ ಬೆರಳಿಟ್ಟುಕೊಂಡು ಕಾದರು. ನಾನು ಚೀಲ ತೆರೆದೆ. ಮೊದಲ ಸಾಲಿನಲ್ಲೇ ಇತ್ತು.

"ಇಲಿಗಳಿದ್ದವು," ಎಂದು ಓದಿದೆ.

"ನಾನು ಅಂದ್ಕೊಂಡಿದ್ದೆ," ಎಂದರು ಅತ್ತೆ. ಕನ್ನಡಕ ತೆಗೆದು ಮಡಿಚಿ ಮಡಿಲಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿದರು. "ಆಮೇಲೆ?"

ಸ್ಟಾಪು ಇನ್ನೂ ದೂರವಿತ್ತು. ಮುಂದಿನ ಸಾಲು ಓದಿದೆ.