ಒಗ್ಗದ ಹಾಲು

ಚಹಾದ ತಾಟನ್ನು ಶೈಲಾಳ ಮುಂದೆ ಹಿಡಿದು ನೆರೆಮನೆಯ ಲಕ್ಷ್ಮಿಬಾಯಿ ಮೆಲ್ಲಗೆ ಹೇಳಿದಳು: “ತಗೋರಿ ಬಾಯಾರ. ನಮ್ಮ ಮನ್ಯಾಗ ಮಾಡಿದ್ದು, ಪಾಕೀಟ ಹಾಲಿಂದು. ಅಂಜಬ್ಯಾಡ್ರಿ.”

ಸಾವಿನ ಮನೆಯ ಅಂಗಳದಲ್ಲಿದ್ದ ಒಂದಿಬ್ಬರು ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಎದುರಿಗೆ, ಗೋಡೆಗೆ ಆನಿಸಿ ಕೂಡ್ರಿಸಿದ್ದ ಅಕ್ಕವ್ವನ ಹಣೆತುಂಬ ವಿಭೂತಿ, ಕೊರಳಲ್ಲಿ ಮಾಲೆ. ಭಜನೆಯವರು ತಾಳ ಹಾಕುತ್ತಿದ್ದರು. ಸತ್ತ ಮೇಲಾದರೂ ಬಿಡಬಾರದೇ ಈ ಜನ ಎಂದು ಶೈಲಾಳಿಗೆ ಸಿಟ್ಟು ಬಂತು. ಮರುಗಳಿಗೆಯೇ ಆ ಸಿಟ್ಟು ತನ್ನ ಮೇಲೆಯೇ ತಿರುಗಿತು. ಜನರ ಬಾಯಿಗೆ ಈ ಮಾತು ಕೊಟ್ಟವಳು ತಾನೇ.

* * *

ಶೇಡಬಾಳದ ಅಂಚಿನಲ್ಲಿ ಕಬ್ಬು ಕಡಿಯುವವರ ಮಕ್ಕಳಿಗಾಗಿ ಶೈಲಾ ಒಂದು ವಸತಿನಿಲಯ ನಡೆಸುತ್ತಾಳೆ. ಅಲ್ಲಿಗೆ ಅಕ್ಕವ್ವ ವರ್ಷಗಟ್ಟಲೆ ಬಿಟ್ಟಿ ಹಾಲು ಹಾಕಿದಳು. ಎರಡು ಎಮ್ಮೆ, ಒಂದು ತುಂಡು ಹೊಲ, ಇಷ್ಟೇ ಅವಳ ಐಶ್ವರ್ಯ. ಕ್ಯಾನು ಇಳಿಸಿ, ಸಿಕ್ಕ ಮಕ್ಕಳ ಮೂಗು ಒರೆಸಿ, ಅಡುಗೆಯವಳನ್ನು ಸುಮ್ಮಸುಮ್ಮನೆ ಬೈದು ಹೋಗುವಳು. ಅವಳದು ಒಂದೇ ಷರತ್ತು.

“ತತ್ತಿ ಬೇಯೂ ಮನಿಗೆ ನನ್ನ ಹಾಲ ಬರೂದಿಲ್ಲ ನೋಡ್ರಿ ಮತ್ತ.”

ಮಕ್ಕಳ ಮೈಯಲ್ಲಿ ರಕ್ತವಿಲ್ಲ, ಮೊಟ್ಟೆ ಕೊಡಿ ಎಂದು ಡಾಕ್ಟರು ಹೇಳಿದಾಗ ಶೈಲಾ ಹಿಂದೆಮುಂದೆ ನೋಡಲಿಲ್ಲ. ಅದರಲ್ಲಿ ತಪ್ಪೂ ಇರಲಿಲ್ಲ. ಆದರೆ ಅಕ್ಕವ್ವನ ಎದುರು ನಿಂತು ಹೇಳಬೇಕಿತ್ತು. ಹೇಳಿದ್ದರೆ ಅವಳು ಬೈಯುತ್ತಿದ್ದಳು, ಕ್ಯಾನು ಎತ್ತಿಕೊಂಡು ಹೊರಡುತ್ತಿದ್ದಳು. ತಲೆ ಎತ್ತಿಕೊಂಡೇ ಹೊರಡುತ್ತಿದ್ದಳು. ಮೊಟ್ಟೆಯ ಸುದ್ದಿ ಹಬ್ಬಿದರೆ ಮಕ್ಕಳಿಗೆ ಜೋಳ ದಾನ ಕೊಡುವ ವಿರುಪಾಕ್ಷಪ್ಪನೂ ಕೈಬಿಟ್ಟಾನೆಂದು ಹೆದರಿದ ಶೈಲಾ, ಮೊಟ್ಟೆಯನ್ನು ಹಿತ್ತಲ ಬಾಗಿಲಿನಿಂದ ತರಿಸಿ, ಅಕ್ಕವ್ವನ ಮಗನಿಗೆ ಫೋನು ಮಾಡಿದಳು.

“ಮಲ್ಲೇಶಣ್ಣಾ, ಹಾಲು ಹುಡುಗರಿಗೆ ಒಗ್ಗವಲ್ದ್ರಿ. ನಾಳೆಯಿಂದ ಬ್ಯಾಡಂತ ಅವ್ವಾರಿಗೆ ಹೇಳ್ರಿ.”

ನಾಜೂಕಾಗಿ ಜಾರಿಕೊಂಡೆನೆಂದು ಅವಳಿಗೆ ಹೆಮ್ಮೆಯೂ ಆಯಿತು. ಊರು ಮಾತ್ರ ಆ ಒಂದು ಪದವನ್ನು ಹಿಡಿದುಕೊಂಡು ಕೂತಿತು. ಮಕ್ಕಳಿಗೆ ಒಗ್ಗದ ಹಾಲೆಂದರೆ ಕೆಟ್ಟ ಹಾಲು. ಕೆಟ್ಟ ಹಾಲೆಂದರೆ ಮುದುಕಿ ಏನೋ ಬೆರೆಸುತ್ತಾಳೆ. ಅವಳ ಹಾಲು ಕೊಳ್ಳುತ್ತಿದ್ದ ಮನೆಗಳೆಲ್ಲ ಒಂದೊಂದಾಗಿ ಪಾಕೀಟು ತರಿಸತೊಡಗಿದವು. ಶೈಲಾಳ ಕಿವಿಗೂ ಇದು ಬಿತ್ತು. ನಾಳೆ ಹೋಗಿ ಹೇಳಿದರಾಯಿತು ಎಂದುಕೊಂಡಳು. ಆ ನಾಳೆ ಬರಲೇ ಇಲ್ಲ.

* * *

ಮಲ್ಲೇಶನ ಹೆಂಡತಿ ನೀಲಮ ಬಂದು ಶೈಲಾಳ ಪಕ್ಕದಲ್ಲಿ ಕೂತಳು. ಅತ್ತು ಅತ್ತು ಅವಳ ದನಿ ಬಿದ್ದುಹೋಗಿತ್ತು.

“ಸಾಯೂತನ ಅದನ್ನ ಕೇಳತಿದ್ಲ್ರಿ ನಮ್ಮತ್ತಿ, ನನ್ನ ಹಾಲಿಗೆ ಏನಾಗಿತ್ತ ಅಂತ. ಖರೇ ಹೇಳ್ರಿ ಬಾಯಾರ, ಹುಡುಗರಿಗೆ ವಾಂತಿ ಆಗಿತ್ತೇನ್ರಿ?”

ಶೈಲಾ ತಲೆ ಎತ್ತಿದಳು. ತಲೆಬಾಗಿಲಲ್ಲಿ ವಿರುಪಾಕ್ಷಪ್ಪ ನಿಂತಿದ್ದ. ಈ ಸಲದ ಜೋಳ ಇನ್ನೂ ಅವನ ಮನೆಯಲ್ಲೇ ಇತ್ತು.

“ಏನೂ ಆಗಿದ್ದಿಲ್ಲ ನೀಲಮ,” ಎಂದು ಪಿಸುಗುಟ್ಟಿದಳು. “ಹಾಲು ಚಲೋ ಇತ್ತು. ನಾವು ತತ್ತಿ ಕೊಡಾಕ ಸುರು ಮಾಡಿದ್ವಿ. ಅದನ್ನ ಹೇಳಾಕ ಅಂಜಿ ಸುಳ್ಳ ಹೇಳ್ದೆ.”

ನೀಲಮ ಬೈಯಲಿಲ್ಲ. ಬೈದಿದ್ದರೆ ಶೈಲಾಳಿಗೆ ಎಷ್ಟೋ ಹಗುರಾಗುತ್ತಿತ್ತು. ನೀಲಮ ಎದ್ದು, ಅವಳ ಮುಂಗೈ ಹಿಡಿದು, ಜನರ ನಡುವೆ ದಾರಿ ಮಾಡಿಕೊಂಡು ಅಕ್ಕವ್ವನ ಮುಂದೆ ತಂದು ನಿಲ್ಲಿಸಿದಳು.

“ನನಗಲ್ರಿ, ಅಕಿಗೆ ಹೇಳ್ರಿ. ಅಕಿಗೆ ಕಿವಿ ಮಂದ ಇದ್ವು. ಗಟ್ಟಿಯಾಗಿ ಹೇಳ್ರಿ.”

ತಾಳ ನಿಂತಿತು. ಏನಾಯಿತೆಂದು ನೋಡಲು ವಿರುಪಾಕ್ಷಪ್ಪನೂ ಹತ್ತಿರ ಬಂದ. ಶೈಲಾ ಮೊಣಕಾಲೂರಿ ಬಾಗಿದಳು.

“ಅಕ್ಕವ್ವಾರ, ನಿಮ್ಮ ಹಾಲು ಚಲೋ ಇತ್ರಿ...”

“ಕೇಳವಲ್ದು,” ಎಂದಳು ನೀಲಮ.

ಶೈಲಾ ಉಸಿರು ಎಳೆದುಕೊಂಡಳು. ವಿಭೂತಿ ಉದುರಿದ ಆ ತಣ್ಣನೆಯ ಕಿವಿಗೆ ಬಾಯಿ ಹಚ್ಚಿ, ಓಣಿಗೆಲ್ಲ ಕೇಳುವಂತೆ ಕೂಗತೊಡಗಿದಳು.