ಸೈಲೆನ್ಸ್ ಸರ್ ತೋರಿಸಿದ ಸಿನಿಮಾ

ಮಕ್ಕಳ ಬಾಯಲ್ಲಿ ಅವರ ಹೆಸರು ಸೈಲೆನ್ಸ್ ಸರ್. ಗಣಿತದ ಮೇಷ್ಟ್ರು, ಜೊತೆಗೆ ಉಪಮುಖ್ಯೋಪಾಧ್ಯಾಯರು ಬೇರೆ. ಕಾರಿಡಾರಿನ ಆ ತುದಿಯಲ್ಲಿ ಅವರ ಬೂಟಿನ ಸದ್ದಾದರೆ ಸಾಕು, ಈ ತುದಿಯ ತರಗತಿಯಲ್ಲಿ ಕೂದಲು ಹಿಡಿದು ಜಗಳವಾಡುತ್ತಿದ್ದವರೂ ರಾಜಿಯಾಗಿಬಿಡುತ್ತಿದ್ದರು. ಅವರು ಯಾರ ಮೇಲೂ ಕೈ ಎತ್ತಿದವರಲ್ಲ. ಎತ್ತುವ ಪ್ರಮೇಯವೇ ಬಂದಿರಲಿಲ್ಲ. ಕನ್ನಡಕದ ಮೇಲಿನಿಂದ ಒಂದು ನೋಟ, ‘ಸೈಲೆನ್ಸ್’ ಎಂಬ ಒಂದು ಮಾತು, ಅಷ್ಟಕ್ಕೇ ಬಾಯಿಗಳಿಗೆ ಬೀಗ ಬೀಳುತ್ತಿತ್ತು.

ಶುಕ್ರವಾರದ ಸಿನಿಮಾ ಶುರು ಮಾಡಿದವರು ಡ್ರಾಯಿಂಗ್ ಮೇಷ್ಟ್ರು. ವಾರಕ್ಕೊಬ್ಬರು ತಮಗೆ ಪ್ರಾಣವೆನಿಸುವ ಸಿನಿಮಾ ತಂದು ಶಾಲೆಯ ಸಭಾಂಗಣದಲ್ಲಿ ಎಲ್ಲರಿಗೂ ತೋರಿಸಬೇಕು. ಮೇಷ್ಟ್ರಾಗಲಿ, ಮಕ್ಕಳಾಗಲಿ, ಮಕ್ಕಳ ಅಪ್ಪ ಅಮ್ಮನಾಗಲಿ. ಕೊನೆಗೆ ಅದು ಯಾಕೆ ಇಷ್ಟ ಅಂತ ನಾಲ್ಕು ಮಾತಾಡಬೇಕು. ಈ ಮಾತು ಮೀಟಿಂಗಿನಲ್ಲಿ ಬಂದಾಗ ಸೈಲೆನ್ಸ್ ಸರ್ ಗರಂ ಆಗಿದ್ದರು.

“ಇದೇನು ಶಾಲೆನೋ, ಟಾಕೀಸೋ?”

ಮುಖ್ಯೋಪಾಧ್ಯಾಯಿನಿ ವಾದಕ್ಕೆ ಇಳಿಯಲಿಲ್ಲ. “ಹಾಗಾದ್ರೆ ಎಂಥ ಸಿನಿಮಾ ತೋರಿಸ್ಬೇಕು ಅಂತ ನೀವೇ ಒಂದ್ಸಲ ತೋರಿಸ್ಬಿಡಿ ಸರ್,” ಅಂದು ನಕ್ಕರು. ಬಾಯಿ ಬಿಟ್ಟು ಬಣ್ಣಗೇಡಾಯಿತು. ಒಲ್ಲೆ ಎನ್ನುವ ಹಾಗಿರಲಿಲ್ಲ.

ಯಾರೋ ಗಣಿತಜ್ಞನ ಜೀವನಚರಿತ್ರೆ ಬರುತ್ತದೆಂದು ಎಲ್ಲರೂ ನಿದ್ದೆಗೆ ಸಿದ್ಧರಾದರು. ಆದರೆ ಅವರು ಕೊಟ್ಟದ್ದು ಒಂದು ಹಳೆಯ ಕಪ್ಪು ಬಿಳುಪು ಹಾಸ್ಯಚಿತ್ರ. ಗೋಡೆಗೆ ಬಣ್ಣ ಬಳಿಯಲು ದೊಡ್ಡ ಮನೆಯೊಂದಕ್ಕೆ ಹೋದ ಪೇಂಟರನ್ನು ಮನೆಯವರು ಡಾಕ್ಟರೆಂದು ತಪ್ಪು ತಿಳಿದು ರೋಗಿಯ ಮುಂದೆ ಕೂರಿಸುವ ಕಥೆ. ಡ್ರಾಯಿಂಗ್ ಮೇಷ್ಟ್ರು ಎರಡೆರಡು ಸಲ ಕೇಳಿದರು: “ಇದೇನಾ ಸರ್? ಖಂಡಿತಾನಾ?”

ಸೈಲೆನ್ಸ್ ಸರ್ ಮನೆಯಲ್ಲಿ ಈ ಸಿನಿಮಾ ನೋಡುವಾಗ ಸೋಫಾದ ದಿಂಬು ಕಚ್ಚಿಕೊಂಡು ನಗುತ್ತಾರೆಂಬುದು ಅವರ ಹೆಂಡತಿಯೊಬ್ಬಳಿಗೇ ಗೊತ್ತಿದ್ದ ವಿಷಯ. ಮದುವೆಗೆ ಮುಂಚೆ ಇಬ್ಬರೂ ಮೊದಲ ಸಲ ಜೊತೆಯಾಗಿ ಹೋಗಿದ್ದು ಇದೇ ಸಿನಿಮಾಕ್ಕೆ. ಆವತ್ತು ಅವರು ನಕ್ಕೂ ನಕ್ಕೂ ಕುರ್ಚಿಯಿಂದ ಜಾರಿ ಬಿದ್ದಿದ್ದರು. “ಬಿದ್ರಲ್ಲ, ಅದಕ್ಕೇ ಒಪ್ಪಿದ್ದು. ಇಲ್ಲದಿದ್ರೆ ನಿಮ್ಮ ಆ ಗಂಟುಮುಖಕ್ಕೆ ಯಾರು ಹೂಂ ಅಂತಿದ್ರು?” ಎಂದು ಆಕೆ ಈಗಲೂ ಹಂಗಿಸುತ್ತಿದ್ದಳು.

ಶುಕ್ರವಾರ ಸಭಾಂಗಣದ ಕಿಟಕಿಗಳಿಗೆ ಕಪ್ಪು ಬಟ್ಟೆ ಇಳಿಬಿಟ್ಟಿದ್ದರು. ಬೇರೆ ವಾರಗಳಲ್ಲಿ ಮಕ್ಕಳು ಚಾಪೆಯ ಮೇಲೆ ಒಬ್ಬರ ಮೇಲೊಬ್ಬರು ಒರಗಿ ಬಿದ್ದಿರುತ್ತಿದ್ದರು. ಇವತ್ತು ಯಾರೂ ಹೇಳದೆಯೇ ಸಾಲು ಹಿಡಿದು ಚಕ್ಕಳಮಕ್ಕಳ ಹಾಕಿ, ಕೈ ಕಟ್ಟಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಸೈಲೆನ್ಸ್ ಸರ್ ಪರದೆಯ ಪಕ್ಕದಲ್ಲಿ ನಿಂತರು. ಒರೆಸಿದ ಕನ್ನಡಕವನ್ನೇ ಮತ್ತೆ ಮತ್ತೆ ಒರೆಸಿಕೊಂಡರು. ಪಬ್ಲಿಕ್ ಪರೀಕ್ಷೆ ಬರೆಯುವಾಗಲೂ ಅವರಿಗೆ ಹೀಗಾಗಿರಲಿಲ್ಲ.

ಸಿನಿಮಾ ಶುರುವಾಯಿತು. ಪೇಂಟರ್ ಏಣಿಯ ಸಮೇತ ಬಾಗಿಲಲ್ಲಿ ಸಿಕ್ಕಿಕೊಂಡ. ಹಿಂದೆ ಬಂದರೆ ಹೂಕುಂಡ ಬಿತ್ತು, ಮುಂದೆ ಹೋದರೆ ದೀಪ ಒಡೆಯಿತು.

ಯಾರೂ ನಗಲಿಲ್ಲ.

ಇರಲಿ, ಇನ್ನೂ ಶುರು ತಾನೇ ಎಂದುಕೊಂಡರು ಸೈಲೆನ್ಸ್ ಸರ್. ಮನೆಯೊಡೆಯ ಪೇಂಟರನ ಬ್ರಷ್ಷುಗಳ ಚೀಲವನ್ನು ಭಕ್ತಿಯಿಂದ ಎತ್ತಿಕೊಂಡು ಒಳಗೆ ನಡೆದ. ಆಗಲೂ ಸದ್ದಿಲ್ಲ. ಮೂರನೇ ಸಾಲಿನಲ್ಲಿ ಒಬ್ಬ ‘ಫುಕ್’ ಎಂದ. ತಕ್ಷಣ ಪಕ್ಕದವನು ಅವನ ಬಾಯಿ ಮುಚ್ಚಿ, ಕಣ್ಣು ಹೊರಳಿಸಿ ಪರದೆಯ ಪಕ್ಕಕ್ಕೆ ನೋಡಿದ. ಎಲ್ಲ ಕಣ್ಣುಗಳೂ ಹಾಗೇ ಇದ್ದವು: ಅರ್ಧ ಪರದೆಯ ಮೇಲೆ, ಅರ್ಧ ಅವರ ಮೇಲೆ.

ಅವರು ಮುಖ ಸಡಿಲಿಸಲು ನೋಡಿದರು. ನಗು ಬರಲಿಲ್ಲ, ಹಲ್ಲು ಮಾತ್ರ ಕಂಡಿತು. ಮುಂದಿನ ಸಾಲಿನ ಮಕ್ಕಳು ಇನ್ನಷ್ಟು ಮುದುಡಿಕೊಂಡರು.

ಆಮೇಲೆ ಆ ದೃಶ್ಯ ಬಂತು. ಪೇಂಟರ್ ರೋಗಿಯ ಎದೆಯನ್ನು ಬೆರಳಿನಿಂದ ಟಕಟಕ ಬಡಿದು, ಕಿವಿಗೊಟ್ಟು, ತಲೆಯಾಡಿಸಿ ಹೇಳುತ್ತಾನೆ: “ಒಳಗೆಲ್ಲ ತೇವ ಹಿಡಿದಿದೆ. ಮೇಲೆ ಬಳಿದ್ರೆ ಪ್ರಯೋಜನ ಇಲ್ಲ. ಪೂರ್ತಿ ಕೆರೆದು ಎರಡು ಕೋಟ್ ಹೊಡೀಬೇಕು!”

ಸಭಾಂಗಣದಲ್ಲಿ ಒಂದೇ ಒಂದು ನಗು ಭೋರ್ಗರೆಯಿತು. ಸಿನಿಮಾ ನೋಡಲೆಂದೇ ಬಂದು ಹಿಂದಿನ ಕುರ್ಚಿಯಲ್ಲಿ ಕೂತಿದ್ದ ಅವರ ಹೆಂಡತಿಯದು. ಮಕ್ಕಳೆಲ್ಲ ಗಾಬರಿಯಿಂದ ತಿರುಗಿ ನೋಡಿದರು, ಪಾಪ ಈ ಆಂಟಿಗೆ ಇನ್ನೇನು ಕಾದಿದೆಯೋ ಎಂಬಂತೆ. ಆ ನಗು ನಡುದಾರಿಯಲ್ಲೇ ಒಂಟಿಯಾಗಿ ನಿಂತುಹೋಯಿತು.

ಸೈಲೆನ್ಸ್ ಸರ್‌ಗೆ ಕಿವಿ ಬಿಸಿಯಾಯಿತು. ಈ ಮಕ್ಕಳಿಗೆ ಹಾಸ್ಯ ತಿಳಿಯುವುದಿಲ್ಲ ಎಂದು ಮೊದಲು ಸಿಟ್ಟು ಬಂತು. ಸಿಟ್ಟಿನ ಬೆನ್ನಿಗೇ, ತಿಳಿದಿದೆ, ಚೆನ್ನಾಗಿಯೇ ತಿಳಿದಿದೆ ಎಂಬುದೂ ಹೊಳೆಯಿತು. ತುಟಿ ಕಚ್ಚಿಕೊಂಡು ಭುಜ ಅದುರಿಸುತ್ತಿದ್ದ ಹುಡುಗಿಯನ್ನು ಅವರು ಕಣ್ಣಾರೆ ಕಂಡರು. ಅವಳು ನಗುವನ್ನು ನುಂಗುತ್ತಿದ್ದಳು, ಕಹಿ ಔಷಧಿ ನುಂಗುವ ಹಾಗೆ.

ಹೆಂಡತಿ ಗೋಡೆಯ ಪಕ್ಕದಿಂದ ಬಗ್ಗಿ ಬಂದು ಪಿಸುಗುಟ್ಟಿದಳು. “ರೀ, ಹೊರಗೆ ಹೋಗಿ.”

“ಏನಂದೆ?”

“ನೀವಿಲ್ಲಿ ನಿಂತಿದ್ರೆ ಯಾರೂ ನಗಲ್ಲ. ಹೋಗೀಂದ್ರೆ.”

“ನನ್ನ ಸಿನಿಮಾ ಕಣೇ ಇದು!”

“ಅದಕ್ಕೇ ಹೇಳ್ತಿರೋದು.”

ಅವರು ಹೋದರು. ಸಾಲುಗಳ ನಡುವೆ ನಡೆಯುವಾಗ ಮೊಣಕಾಲುಗಳು ಪಟಪಟನೆ ಹಿಂದೆ ಸರಿದು ದಾರಿ ಬಿಟ್ಟವು. ಬಾಗಿಲು ಎಳೆದುಕೊಂಡು ಖಾಲಿ ಕಾರಿಡಾರಿನಲ್ಲಿ, ಕೈತೊಳೆಯುವ ನಲ್ಲಿಗಳ ಎದುರು ನಿಂತರು. ಒಂದು ನಲ್ಲಿ ಸೋರುತ್ತಿತ್ತು. ಬಿಗಿಯಾಗಿ ತಿರುಗಿಸಿದರು. ಒಳಗಿನಿಂದ ಸಿನಿಮಾದ ಮಾತು ಮಾತ್ರ ಕೇಳುತ್ತಿತ್ತು. ನಾನು ಹೊರಬಂದರೂ ನಗದಿದ್ದರೆ? ತಪ್ಪು ನನ್ನದಲ್ಲ, ಸಿನಿಮಾದ್ದೇ ಆಗಿದ್ದರೆ? ಇಷ್ಟು ವರ್ಷ ನಾನು ಜೀವಕ್ಕಿಂತ ಹೆಚ್ಚಾಗಿ ಕಾಪಾಡಿಕೊಂಡು ಬಂದದ್ದು ನಿಜಕ್ಕೂ ಏನೂ ಅಲ್ಲದಿದ್ದರೆ? ಮಕ್ಕಳು ನಗುವುದು ಮೇಲೋ, ನಗದಿರುವುದು ಮೇಲೋ ಎಂದು ಅವರಿಗೇ ತಿಳಿಯಲಿಲ್ಲ.

ಮೊದಲು ಒಂದು ಕಿಸಕ್. ಮತ್ತೆ ಎರಡು. ರೋಗಿಗೆ ಪೇಂಟರ್ ಸುಣ್ಣದ ನೀರನ್ನು ಟಾನಿಕ್ ಎಂದು ಅಳೆಯತೊಡಗಿರಬೇಕು. ಯಾರೋ ಕಿರುಚಿದಂತೆ ನಕ್ಕರು, ಆ ನಗುವಿಗೆ ಮತ್ತೊಬ್ಬರು ನಕ್ಕರು, ಆಮೇಲೆ ಒಮ್ಮೆಲೇ ಕಟ್ಟೆ ಒಡೆಯಿತು. ಬಾಗಿಲಿನ ಗಾಜು ಅದುರುವಂಥ ನಗು. ಅವರಿಗೆ ಹಿಗ್ಗಾಯಿತು. ಹಿಗ್ಗಿನ ಒಳಗೇ ಮುಳ್ಳಿನಂಥದ್ದೊಂದು ಚುಚ್ಚಿತು. ತಮ್ಮ ಮನೆಯ ಮದುವೆಯನ್ನು ಬೇಲಿಯಾಚೆ ನಿಂತು ನೋಡಿದ ಹಾಗಿತ್ತು.

ಅವರು ಬೂಟು ಬಿಚ್ಚಿ ಗೋಡೆಗೆ ಒರಗಿಸಿದರು. ಸುತ್ತು ಹಾಕಿ, ಹಿಂಬಾಗಿಲಿನಿಂದ ಕತ್ತಲೊಳಗೆ ನುಸುಳಿ, ಕೊನೆಯ ಸಾಲಿನ ತುದಿಯಲ್ಲಿ ನೆಲಕ್ಕೇ ಕೂತರು. ಪಕ್ಕದಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಪರದೆಯಿಂದ ಕಣ್ಣು ಕೀಳದೆಯೇ ಒಂದಿಷ್ಟು ಸರಿದು ಜಾಗ ಕೊಟ್ಟಳು.

ಪರದೆಯ ಮೇಲೆ ನಿಜವಾದ ಡಾಕ್ಟರು ಬಂದಿದ್ದರು. ಮನೆಯವರು ಅವರ ಕೈಗೆ ಬಣ್ಣದ ಡಬ್ಬ ಕೊಡಲಿದ್ದರು. ಮುಂದಿನದು ಸೈಲೆನ್ಸ್ ಸರ್‌ಗೆ ಬಾಯಿಪಾಠ. ಬರುವುದಕ್ಕೆ ಮುಂಚೆಯೇ ನಗು ಹೊಟ್ಟೆಯಿಂದ ಒದ್ದುಕೊಂಡು ಬಂತು.

“ಶ್! ಸೈಲೆನ್ಸ್!” ಹುಡುಗಿ ಮೊಣಕೈಯಿಂದ ತಿವಿದಳು. “ಮೊದ್ಲೇ ನಕ್ಕು ಕೆಡಿಸ್ಬೇಡ ಕಣೋ!”

ತಿರುಗಿ ನೋಡಿದಳು. ಪರದೆಯ ಬೆಳಕಿನಲ್ಲಿ ಅವಳ ಮುಖ ಸುಣ್ಣದಂತೆ ಬಿಳಿಚಿತು. ಮೊಣಕೈ ಇನ್ನೂ ಅವರ ಪಕ್ಕೆಯಲ್ಲೇ ಇತ್ತು. ಉಸಿರು ಬಿಟ್ಟರೂ ಸದ್ದಾದೀತೆಂಬಂತೆ ಅವಳು ಕಲ್ಲಾದಳು. ಕಣ್ಣಲ್ಲಿ ನೀರು ತುಂಬತೊಡಗಿತು. ಇನ್ನೊಂದು ಕ್ಷಣ ಬಿಟ್ಟರೆ ಎದ್ದು ಓಡುತ್ತಾಳೆ, ಇಡೀ ಸಭಾಂಗಣ ತಿರುಗುತ್ತದೆ, ನಗುವೆಲ್ಲ ಮತ್ತೆ ಒಣಗಿಹೋಗುತ್ತದೆ. ಏನು ಹೇಳಬೇಕು? ಮಕ್ಕಳಿಗೆ ಹೇಳಲು ಸೈಲೆನ್ಸ್ ಸರ್ ಬಳಿ ಇದ್ದದ್ದು ಒಂದೇ ಮಾತು, ಅದನ್ನೂ ಅವಳೇ ಹೇಳಿಬಿಟ್ಟಿದ್ದಳು.

“ತಪ್ಪಾಯ್ತು,” ಎಂದರು ಕಿವಿಯ ಹತ್ತಿರ ಬಗ್ಗಿ. “ನನಗೆ ತಡೆಯೋಕಾಗ್ಲಿಲ್ಲಮ್ಮ.”

ಅವಳು ನಂಬಲಾರದೆ ನೋಡಿದಳು. ಅಷ್ಟರಲ್ಲಿ ಡಾಕ್ಟರು ಬಣ್ಣದ ಡಬ್ಬದೊಳಗೆ ಕಾಲಿಟ್ಟರು. ಸಭಾಂಗಣ ಹೋ ಎಂದಿತು. ಹುಡುಗಿಯ ಬಾಯಿಂದಲೂ ಅವಳಿಗೇ ಗೊತ್ತಾಗದಂತೆ ನಗು ಸಿಡಿಯಿತು, ಅಳುವಿನ ಜೊತೆಗೇ, ಮೂಗಿನಿಂದ. ಅದನ್ನು ಕಂಡು ಅವರೂ ನಕ್ಕರು. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು.

ದೀಪ ಹಾಕಿದಾಗ ಹೊಟ್ಟೆ ಹಿಡಿದು ಕೂತಿದ್ದ ಸೈಲೆನ್ಸ್ ಸರ್ ಎಲ್ಲರಿಗೂ ಕಂಡರು. ಗದ್ದಲ ಒಮ್ಮೆಗೇ ನಿಂತಿತು. ಬರಿಯ ಕಾಲುಚೀಲದಲ್ಲಿ ಅವರು ವೇದಿಕೆಯ ತನಕ ನಡೆದರು. ಹಾಸ್ಯದ ಶಿಸ್ತು ಎಂಬ ವಿಷಯದ ಮೇಲೆ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ಭಾಷಣದಲ್ಲಿ ಒಂದಕ್ಷರವೂ ನೆನಪಿಗೆ ಬರಲಿಲ್ಲ.

“ನನಗೆ ಈ ಸಿನಿಮಾ ಇಷ್ಟ,” ಎಂದರು. “ನಿಮಗೂ ಇಷ್ಟ ಆಗದೇ ಹೋದ್ರೆ ಏನ್ ಮಾಡ್ಲಿ ಅಂತ ತುಂಬ ಭಯ ಆಗಿತ್ತು. ಅಷ್ಟೇ.”

ಚಪ್ಪಾಳೆ ತಟ್ಟಬಹುದೋ ಬಾರದೋ ಎಂದು ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶುರು ಮಾಡಿದವರು ಡ್ರಾಯಿಂಗ್ ಮೇಷ್ಟ್ರು. ಆಮೇಲೆ ಎಲ್ಲರೂ ತಟ್ಟಿದರು, ಸ್ವಲ್ಪ ಹುಷಾರಾಗಿಯೇ.

ಸೋಮವಾರ ಕಾರಿಡಾರು ಎಂದಿನಂತೆಯೇ ಅವರನ್ನು ಕಂಡು ಮೌನವಾಯಿತು. ವರ್ಷಗಟ್ಟಲೆ ಕೂತ ಹೆದರಿಕೆ ಒಂದು ಸಿನಿಮಾಕ್ಕೆ ಎದ್ದು ಹೋಗುವುದಿಲ್ಲವೆಂಬುದು ಅವರಿಗೂ ತಿಳಿದಿತ್ತು. ಆದರೆ ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿನ ಬಾಗಿಲಲ್ಲಿ ಎರಡು ಜಡೆ ಕಾಣಿಸಿತು. ಹುಡುಗಿಯ ಕೈ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿತ್ತು, ಕಾಲು ಮಾತ್ರ ಹಿಂದೆ ಸರಿಯಲಿಲ್ಲ.

“ಸರ್, ಮುಂದಿನ ಶುಕ್ರವಾರ ನಂದು. ತುಂಬಾ ಅಳು ಬರೋ ಸಿನಿಮಾ. ನೀವು ಬರ್ತೀರಾ?”

“ಬರ್ತೀನಿ. ಎಲ್ಲಿ ಕೂತ್ಕೊಳ್ಳಲಿ?”

ಅವಳು ಗಂಭೀರವಾಗಿ ಯೋಚಿಸಿದಳು.

“ಹಿಂದೆ ಸರ್. ನನ್ನ ಪಕ್ಕ ಬೇಡ, ನಾನು ಜೋರಾಗಿ ಅಳ್ತೀನಿ.”