ಬೀಗರ ಪಾಲು

"ಎಳೀಬೇಡ ಅಂದ್ನಲ್ಲ! ಎತ್ತು!"

ದೂಲಾತ್ ಕೂಗಿದ ರಭಸಕ್ಕೆ ಅಸನ್‌ಕೋಜೋ ಜಿಂಕೆಯ ಹಿಂಗಾಲುಗಳನ್ನು ಬಿಟ್ಟೇಬಿಟ್ಟ.

"ಮದುಮಗಳನ್ನ ಹೊತ್ತ ಹಾಗೆ ಹೊರ್ಬೇಕಾ ಇದನ್ನ? ಹಿಮ ಇದೆ, ಇಳಿಜಾರಿದೆ. ಒಂದ್ಸಲ ತಳ್ಳಿದ್ರೆ ಸೀದಾ ಕುದುರೆ ಕಾಲ ಹತ್ರ ಹೋಗಿ ನಿಲ್ಲುತ್ತೆ."

"ಮೊದ್ಲು ನಿನ್ನ ತಳ್ತೀನಿ. ಕಲ್ಲಿಗೆ ತಾಗಿ ಒಂದು ಮೂಳೆ ಒಡೆದ್ರೆ ಏನ್ಮಾಡ್ಲಿ?"

ಇಬ್ಬರೂ ಅಕ್ಕತಂಗಿಯರನ್ನು ಕಟ್ಟಿಕೊಂಡವರು. ಷಡ್ಡಕ ಅಂದಮೇಲೆ ಕಾಲೆಳೆಯುವ ಹಕ್ಕು ಮದುವೆಯ ಜೊತೆಗೇ ಬಂದದ್ದು ಅಂತ ಅಸನ್‌ಕೋಜೋನ ನಂಬಿಕೆ. ಆದರೆ ಮೂಳೆಯ ಮಾತು ಬಂದದ್ದೇ ಅವನು ಬಾಯಿ ಮುಚ್ಚಿಕೊಂಡು ಬಗ್ಗಿದ. ಆ ಸಂಗತಿಯನ್ನು ತಮಾಷೆ ಮಾಡುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ.

ಎರಡು ವರ್ಷದ ಹಿಂದೆ ದೂಲಾತನ ಮಗಳು ನೂರಿಪಾಳ ಮದುವೆಯ ಊಟದಲ್ಲಿ, ಹೆಣ್ಣು ಕೊಟ್ಟ ಹಿರಿಯನಿಗೆ ಸಲ್ಲಬೇಕಾದ ಕುರಿಯ ಸೊಂಟದ ಮೂಳೆ ಅವನ ತಟ್ಟೆಗೆ ಬಂತು. ಬಂದದ್ದು ಕೊಡಲಿಯಲ್ಲಿ ಹೊಡೆದು ಸೀಳಿದ್ದು. ನಾಯಿಗೆ ಹಾಕುವ ಮೂಳೆಯನ್ನು ಹಾಗೆ ಒಡೆಯುತ್ತಾರೆ. ಬೀಗರಿಗೆ ಬಡಿಸುವುದನ್ನು ಕೀಲು ನೋಡಿ, ಚಾಕುವಿನಲ್ಲಿ ಬಿಡಿಸುತ್ತಾರೆ. ದೂಲಾತ್ ಒಂದು ತುತ್ತೂ ಮುಟ್ಟದೆ ಎದ್ದು ಹೋದ. "ನಮ್ಮ ಬೀಗರಿಗೆ ಎಲುಬು ಎಣಿಸೋದು ಗೊತ್ತು, ಕೂತು ಉಣ್ಣೋದು ಗೊತ್ತಿಲ್ಲ" ಅಂತ ಬೀಗ ಇಸ್ಮಾನ್ ಹಿಂದಿನಿಂದ ಅಂದನಂತೆ. ಅಂದನೋ ಇಲ್ಲವೋ, ಆ ಮಾತು ಹೊಳೆ ದಾಟಿ ಇವನ ಕಿವಿಗಂತೂ ಬಿತ್ತು. ಅವತ್ತಿನಿಂದ ಎರಡೂ ಮನೆಗಳ ನಡುವೆ ಹೋಗಿಬರುವುದು ನಿಂತಿತು.

ಈಗ ನೂರಿಪಾಳಿಗೆ ಗಂಡುಮಗು. ನಾಳೆಗೆ ನಲವತ್ತು ದಿನ ತುಂಬುತ್ತದೆ, ನಲವತ್ತು ಚಮಚ ನೀರು ಹಾಕಿ ಮೀಯಿಸುತ್ತಾರೆ. "ನೀವು ಬರದಿದ್ರೆ ನಾನೊಬ್ಳೇ ಹೋಗ್ತೀನಿ. ಆಮೇಲೆ ಆ ಮಗು ಹೇಗಿದೆ ಅಂತ ನನ್ನ ಕೇಳ್ಬೇಡಿ" ಅಂದುಬಿಟ್ಟಿದ್ದಳು ಹೆಂಡತಿ ಸಾಲಿಕಾ. ಕರೆಯದ ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆ? ಇಡೀ ಜಿಂಕೆಯನ್ನು, ಕೂದಲಷ್ಟೂ ಕೊಂಕಿಲ್ಲದಂತೆ, ಇಸ್ಮಾನನ ಬಾಗಿಲಲ್ಲಿ ಇಳಿಸಬೇಕು. ಅದರಲ್ಲಿ ಹುಳುಕು ಹುಡುಕಲಿ ನೋಡೋಣ ಅಂತ ಮೂರು ದಿನ ಈ ಕೊರಕಲುಗಳಲ್ಲಿ ಅಲೆದಿದ್ದ. ಮೊಮ್ಮಗನನ್ನು ನೋಡುವ ಆಸೆಯೇನೋ ಇದ್ದೇ ಇತ್ತು, ಆದರೆ ಹೀಗೆ ಹುಳುಕಿನ ನೆಪ ಹೇಳಿಕೊಂಡರೇನೇ ಅವನಿಗೆ ಸಮಾಧಾನ.

ಗುಂಡು ಪಕ್ಕೆಲುಬುಗಳ ಸಂದಿನಲ್ಲಿ ಹಾದಿತ್ತು. ಜೀವ ಇರುವಾಗಲೇ ಓಡಿ ಬಂದು, ಬಿಸ್ಮಿಲ್ಲಾ ಹೇಳಿ ಕುತ್ತಿಗೆ ಕೊಯ್ದಿದ್ದ. ಹೊಟ್ಟೆ ಸೀಳುವಾಗ ಎರಡು ಬೆರಳ ನಡುವೆ ಚಾಕುವಿನ ಮೊನೆ ಇಟ್ಟು, ಕರುಳಿಗೆ ತಾಗದಂತೆ ಇಂಚಿಂಚಾಗಿ ಎತ್ತಿದ್ದ. ಉಚ್ಚೆಯ ಚೀಲವನ್ನು ಬುಡದಲ್ಲಿ ದಾರ ಕಟ್ಟಿ, ಉಸಿರು ಬಿಗಿಹಿಡಿದು ಹೊರಗೆ ತೆಗೆದ. ಒಂದು ಹನಿ ಚೆಲ್ಲಿದರೂ ಮಾಂಸ ಕೆಟ್ಟಂತೆ. ಚೆಲ್ಲಲಿಲ್ಲ. ಒಳಗನ್ನು ಹಿಮದಲ್ಲಿ ಒರೆಸಿ, ಸಾಲಿಕಾ ಕೊಟ್ಟ ಬಿಳಿ ಬಟ್ಟೆ ತುರುಕಿ, ಹೊಟ್ಟೆಯನ್ನು ಹೊಲಿದ ಹಾಗೆ ಕಡ್ಡಿ ಚುಚ್ಚಿ ಮುಚ್ಚಿದ.

ಹೊತ್ತರು. ಕೊರಕಲಿನ ಅಂಚಿನ ದಾರಿ ಒಂದು ಕಾಲು ಇಡುವಷ್ಟೇ ಅಗಲ, ಅದರ ಮೇಲೂ ಮಂಜುಗಡ್ಡೆ. ಅರ್ಧ ದಾರಿಗೆ ಅಸನ್‌ಕೋಜೋ ಜಾರಿದ. ಹಿಂಗಾಲುಗಳು ಅವನ ಹೆಗಲಿಂದ ಕಳಚಿ, ಇಡೀ ಭಾರ ಕೆಳಕ್ಕೆ ಎಳೆಯತೊಡಗಿತು. ದೂಲಾತ್ ಬಿಡಲಿಲ್ಲ. ಮಂಡಿ ಊರಿ, ಬಂಡೆಗೆ ಬೆನ್ನು ಕೊಟ್ಟು, ಜಿಂಕೆಯನ್ನು ಎದೆಗೆ ಅವಚಿಕೊಂಡು ಕೂತ. ಮಂಡಿಯ ಚರ್ಮ ಕಿತ್ತು ಬಂದದ್ದು ಗೊತ್ತಾಯಿತು.

"ನಾನು ಬದುಕಿದೀನಾ ಅಂತ ಕೇಳೋದಿಲ್ವಾ?" ಅಂದ ಅಸನ್‌ಕೋಜೋ ಕೆಳಗಿನ ಪೊದೆಯಿಂದ.

"ಮಾತಾಡ್ತಾ ಇದೀಯಲ್ಲ. ಬಾ, ಕಾಲು ಹಿಡಿ."

ಕುದುರೆಯ ಮೇಲೆ ಅಡ್ಡಹಾಕಿ ಕಟ್ಟಿ, ಕುರಿಗಳು ತುಳಿದು ಕೆಸರೆಬ್ಬಿಸಿದ ದಾರಿಗೆ ಇಳಿಯುವಷ್ಟರಲ್ಲಿ ಬಿಸಿಲು ಗುಡ್ಡದ ನೆತ್ತಿಗೆ ಏರಿತ್ತು. ತಿರುವಿನಲ್ಲಿ ಒಬ್ಬ ಸವಾರ ಎದುರಾದ. ಬೂದು ಕುದುರೆ, ಹೊಸ ನಿಲುವಂಗಿ. ಇಸ್ಮಾನ್. ಮೇಲಿನ ಹುಲ್ಲುಗಾವಲಿಗೆ ತನ್ನ ಕುದುರೆಗಳನ್ನು ನೋಡಲು ಹೊರಟಿದ್ದ.

"ಸಲಾಂ" ಅಂದ ಇಸ್ಮಾನ್.

"ಸಲಾಂ."

ಬೇಟೆಗಾರ ಎದುರಾದರೆ "ಶಿರಾಲ್ಗ" ಅನ್ನಬೇಕು. ಅಂದವನು ಏನು ಕೇಳುತ್ತಾನೋ ಅದನ್ನು ಕೊಡಬೇಕು. ಅನ್ನದೆ ಹೋದರೆ, ನಿನ್ನ ಕೈಯಿಂದ ನನಗೇನೂ ಬೇಡ ಅಂತಲೇ ಅರ್ಥ. ಇಸ್ಮಾನ್ ಲಗಾಮು ಸರಿಮಾಡಿಕೊಂಡ. ಹೊರಟೇಬಿಡುತ್ತಾನೆ ಅನ್ನಿಸಿತು ದೂಲಾತನಿಗೆ. ಇಲ್ಲಿ ಬೇಡ ಅಂದವನ ಬಾಗಿಲಿಗೆ ನಾಳೆ ಯಾವ ಮುಖ ಹೊತ್ತು ಹೋಗುವುದು?

ಬೂದು ಕುದುರೆ ಎರಡು ಹೆಜ್ಜೆ ಮುಂದಿಟ್ಟಿತು. ನಿಂತಿತು.

"ಶಿರಾಲ್ಗ" ಅಂದ ಇಸ್ಮಾನ್, ತಿರುಗದೆಯೇ.

"ನಿಮ್ಮದೇ, ಬೀಗ್ರೇ. ಏನು ಕೊಡ್ಲಿ?"

"ಸೊಂಟದ ಮೂಳೆ."

ಅಸನ್‌ಕೋಜೋಗೆ ತಡೆಯಲಾಗಲಿಲ್ಲ. "ಅಲ್ರೀ, ಇಷ್ಟು ದೊಡ್ಡ ಜಿಂಕೇಲಿ ಅದೇ ಬೇಕಾಯ್ತಾ ನಿಮ್ಗೆ? ಗಾಯಕ್ಕೆ ಉಪ್ಪು ಹಚ್ಚೋಕೆ ಇಷ್ಟು ದೂರ ಬಂದ್ರಾ?"

"ನಿನ್ನ ಕೇಳ್ಲಿಲ್ಲ ನಾನು."

ದೂಲಾತನ ಮುಖಕ್ಕೆ ರಕ್ತ ನುಗ್ಗಿತು. ಅಣಕವೇ ಇರಬೇಕು, ಇನ್ನೇನು! ಕೊಟ್ಟರೆ ಇಡೀ ಜಿಂಕೆ ಇಡಿಯಾಗಿ ಉಳಿಯುವುದಿಲ್ಲ. ಕೊಡದಿದ್ದರೆ ಬೇಟೆಗಾರನೇ ಅಲ್ಲ. ಕೊಡುವಾಗ ಮೂಳೆ ಸೀಳಿತೋ, ಊರಿಗೆ ಊರೇ ನಗುತ್ತದೆ, ಮಗಳ ಮನೆ ಬಾಗಿಲು ಅಲ್ಲಿಗೆ ಮುಚ್ಚಿತು. ಮಾತಾಡದೆ ಹಗ್ಗ ಬಿಚ್ಚಿದ.

"ಕೊಡಲಿ ಇದೆ ನನ್ನ ಹತ್ರ" ಅಂತ ಪಿಸುಗುಟ್ಟಿದ ಅಸನ್‌ಕೋಜೋ.

"ಅದನ್ನ ಕಣ್ಣಿಗೂ ಕಾಣಿಸ್ಬೇಡ."

ಇಳಿಸುವುದಾದರೂ ಎಲ್ಲಿ? ಕಾಲ ಕೆಳಗೆಲ್ಲ ಕೆಸರು, ಹಿಕ್ಕೆ. ಇಬ್ಬರೂ ಜಿಂಕೆಯನ್ನು ತೋಳಲ್ಲಿ ಹಿಡಿದು ನಿಂತೇ ಇದ್ದರು. ಆಗ ಇಸ್ಮಾನ್ ಕುದುರೆಯಿಂದಿಳಿದ. ಹೊಸ ನಿಲುವಂಗಿಯನ್ನು ಕಳಚಿ, ಒಳಮೈ ಮೇಲಾಗುವಂತೆ ಕೆಸರಿನ ಮೇಲೆ ಹಾಸಿದ.

"ಹ್ಞೂಂ, ಇಡಿ."

ದೂಲಾತ್ ಸೊಂಟದವರೆಗೆ ಚರ್ಮ ಸುಲಿದ. ಮಂಡಿಯ ಗಾಯ ಹೆಪ್ಪುಗಟ್ಟಿ ಷರಾಯಿಗೆ ಅಂಟಿಕೊಂಡಿತ್ತು. ಎರಡು ತೊಡೆಗಳ ನಡುವೆ ಮೂಳೆ ಕೂಡುವ ಗೆರೆಯನ್ನು ಬೆರಳಿನಿಂದ ಹುಡುಕಿದ. ಸಿಕ್ಕಿತು ಅನ್ನಿಸಿತು, ಮತ್ತೆ ತಪ್ಪಿತು. ಕಣ್ಣು ಮುಚ್ಚಿ ಇನ್ನೊಮ್ಮೆ ಹುಡುಕಿದ. ಚಾಕುವಿನ ಮೊನೆ ಇಟ್ಟು, ಅದರ ಬೆನ್ನಿಗೆ ಅಂಗೈಯಿಂದ ಒತ್ತಿದ. ಬಗ್ಗಲಿಲ್ಲ. ಮೈಯೆಲ್ಲ ಭಾರ ಹಾಕಿ ಒತ್ತಿದ.

ಟಕ್ ಅಂತು.

ಕೀಲೋ ಮೂಳೆಯೋ? ಇಸ್ಮಾನ್ ತಾನೂ ಮಂಡಿಯೂರಿ ಕಾಲನ್ನು ಎರಡೂ ಕೈಯಿಂದ ಹಿಡಿದು, ಸೀಳು ಅಗಲವಾಗುವಂತೆ ಎತ್ತಿದ. ದೂಲಾತ್ ಒಳಗೆ ಬೆರಳಾಡಿಸಿದ. ನುಣುಪಾಗಿತ್ತು. ಚೂಪು ಎಲ್ಲೂ ಇರಲಿಲ್ಲ. ಉಸಿರು ಬಿಟ್ಟು, ಬೆನ್ನುಮೂಳೆಯ ಕಡೆಯ ಕೀಲನ್ನೂ ಬಿಡಿಸಿದ. ತೊಡೆಯ ಸಮೇತ ಸೊಂಟದ ಮೂಳೆ ಬೇರೆಯಾಗಿ ಇಸ್ಮಾನನ ಕೈಗೆ ಬಂತು.

ಇಸ್ಮಾನ್ ಅದನ್ನು ಬೆಳಕಿಗೆ ಹಿಡಿದ. ಅಂಚಿನುದ್ದಕ್ಕೂ ಹೆಬ್ಬೆರಳಿಂದ ಸವರಿ ನೋಡಿದ. ನೋಡುತ್ತಲೇ ಇದ್ದ.

"ಏನಾದ್ರೂ ಕೊಂಕು ಸಿಕ್ತಾ?" ಅಂದ ದೂಲಾತ್. ದನಿ ಒರಟಾಗಿಯೇ ಬಂತು.

"ಇಲ್ಲ." ಇಸ್ಮಾನ್ ಮೂಳೆಯನ್ನು ಕೆಳಗಿಳಿಸಿದ. "ನಾಳೆ ಮಗೂನ ತಾಯಿ ಕಡೆ ತಾತನಿಗೆ ಬಡಿಸ್ಬೇಕು. ಒಡೆಯದ್ದು ಬೇಕಿತ್ತು."

ಅಸನ್‌ಕೋಜೋ ಕೊಡಲಿಯನ್ನು ಬೆನ್ನ ಹಿಂದಕ್ಕೆ ಸರಿಸಿದ.

"ಮನೇಲಿ ಕುರಿ ಇರ್ಲಿಲ್ವಾ?" ಅಂದುಬಿಟ್ಟ ದೂಲಾತ್.

"ಇದಾವೆ. ನಮ್ಮ ಮನೆಯವರ ಕೈ ಮೇಲೆ ನಂಬ್ಕೆ ಬರ್ಲಿಲ್ಲ, ಬೀಗ್ರೇ."

ಮೂವರೂ ಸೇರಿ ಜಿಂಕೆಯನ್ನು ಮತ್ತೆ ಕುದುರೆಯ ಮೇಲೆ ಹಾಕಿದರು. ನಿಲುವಂಗಿಯನ್ನು ಮಾಂಸಕ್ಕೆ ಸುತ್ತಿ, ಬರೀ ಅಂಗಿಯಲ್ಲೇ ಇಸ್ಮಾನ್ ಕುದುರೆ ಹತ್ತಿದ. ಹುಲ್ಲುಗಾವಲಿಗೆ ಹೊರಟಿದ್ದವನು ಕುದುರೆಯನ್ನು ಊರಿನ ಕಡೆಗೆ ತಿರುಗಿಸಿದ. ಮುಂದೆ ಇಟ್ಟುಕೊಂಡ ಗಂಟನ್ನು ಒಂದು ಕೈಯಿಂದ ಒತ್ತಿ ಹಿಡಿದು, ಕುಲುಕದಂತೆ ನಿಧಾನವಾಗಿ ಇಳಿದು ಹೋದ.

ಅಸನ್‌ಕೋಜೋ ಜಿಂಕೆಯನ್ನು ಮತ್ತೆ ಕಟ್ಟಲು ಹಗ್ಗ ಎತ್ತಿಕೊಂಡು ಕರೆದ. ದೂಲಾತ್ ದಾರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಹಿಮ ಬಾಚಿ ಕೈ ತೊಳೆಯುತ್ತಿದ್ದ. ಬೆರಳ ಸಂದಿನಿಂದ ಉದುರುವ ಹಿಮ ಮೊದಲು ಕೆಂಪಾಗಿತ್ತು, ಆಮೇಲೆ ನಸುಗೆಂಪು, ಆಮೇಲೆ ಬಿಳಿ. ಅವನು ಇನ್ನೊಂದು ಹಿಡಿ ಬಾಚಿಕೊಂಡ.